ಟೈಗರ್ ಸರ್ಕಲ್‌ನಲ್ಲಿ ಹುಲಿ ಇಲ್ಲ, ಅಂಗಡಿಯ ಕ್ಯಾಮೆರಾದಲ್ಲಿ ಕಬ್ಬೆಕ್ಕು ಉಂಟು!

ಮಣಿಪಾಲದಲ್ಲಿ ಟೈಗರ್ ಸರ್ಕಲ್ ಉಂಟು. ಬಸ್ಸಿಳಿದವರಿಗೆ ಹುಲಿ ಸಿಗುವುದಿಲ್ಲ. ಕಾರ್ಕಳದಲ್ಲಿ ಆನೆಕೆರೆ ಉಂಟು, ಆನೆ ಇಲ್ಲ. ಹಾಗಾದರೆ ಉಡುಪಿ ಕಡೆಯ ಮಗುವೊಂದು ಮೊತ್ತಮೊದಲು ನೋಡುವ ಹುಲಿ ಯಾವುದು? ಸಂಶಯವೇ ಬೇಡ, ವಿಟ್ಲಪಿಂಡಿಯ ದಿನ ತಾಸೆಯ ಪೆಟ್ಟಿಗೆ ಕುಣಿಯುವ ಹುಲಿ! ಅಪ್ಪನ ಹೆಗಲ ಮೇಲೆ ಕೂತು, ಅರ್ಧ ಹೆದರಿ ಅರ್ಧ ನಕ್ಕು ನೋಡಿದ ಆ ಹುಲಿಯನ್ನು ಮಕ್ಕಳು ಮರೆಯುವುದಿಲ್ಲ. ಎರಡನೆಯ ಹುಲಿ ಮೊಬೈಲಿನದು. ಅದು ಅರ್ಧ ನಿಮಿಷದೊಳಗೆ ಓಡಿ, ಹಾರಿ, ಜಿಂಕೆಯ ಕುತ್ತಿಗೆ ಹಿಡಿದು ಮುಗಿಸಿಬಿಡುತ್ತದೆ. ಬೆರಳು ಸರಿಸಿದರೆ ಮೊಸಳೆ. ಇನ್ನೊಮ್ಮೆ ಸರಿಸಿದರೆ ಯಾರದೋ ಮದುವೆಯ ಡ್ಯಾನ್ಸು!

"ನಿಜವಾದ ಹುಲಿ ತೋರಿಸಪ್ಪಾ" ಎಂದು ಮಗು ಹಠ ಹಿಡಿದರೆ ಪಿಲಿಕುಳಕ್ಕೆ ಒಂದು ದಿನ ಬೇಕು. 1892ರಿಂದ ನಡೆದುಬಂದ ಮೈಸೂರಿನ ಮೃಗಾಲಯ ನೋಡಲು ಘಟ್ಟ ಹತ್ತಬೇಕು. ಮನೆಮಂದಿಯ ಬಸ್ಸು ಚಾರ್ಜು, ಊಟ, ರೂಮು ಎಲ್ಲ ಲೆಕ್ಕ ಹಾಕಿದರೆ ಹುಲಿ ಎದುರಿಗೇ ಬಂದ ಹಾಗಾಗುತ್ತದೆ. ಅಂಗಡಿಗೆ ಎರಡು ದಿನ ಬೀಗ ಹಾಕಲು ಯಾವ ವ್ಯಾಪಾರಿಯಿಂದ ಆಗುತ್ತದೆ? 2020ರ ಲಾಕ್‌ಡೌನ್ ಸಮಯದಲ್ಲಂತೂ ಮೃಗಾಲಯಗಳಿಗೇ ಬೀಗ ಬಿತ್ತು. ಆಗ ಲೋಕದ ಎಷ್ಟೋ ಮನೆಗಳಲ್ಲಿ ಮಕ್ಕಳು ಹಿಡಿದ ದಾರಿ ನೇರ ಕ್ಯಾಮೆರಾ. ಪ್ರಾಣಿ ಇರುವಲ್ಲಿ ಒಂದು ಕ್ಯಾಮೆರಾ ನೆಟ್ಟಿರುತ್ತಾರೆ. ಅದು ಹಗಲೂ ರಾತ್ರಿ ಕಂಡದ್ದನ್ನು ಕಂಡ ಹಾಗೆ ಇಂಟರ್‌ನೆಟ್ಟಿಗೆ ಕಳಿಸುತ್ತದೆ. ನೋಡಲು ಟಿಕೆಟ್ ಇಲ್ಲ. ಮೊಬೈಲಿನ ಡಾಟಾ ಖರ್ಚಾಗುತ್ತದೆ, ಅಷ್ಟೆ.

ಲಾಕ್‌ಡೌನ್ ಮುಗಿದುಹೋಯಿತು, ಸರಿ. ಆದರೆ ಮಳೆಗಾಲ ಮುಗಿಯುವುದುಂಟೇ? ಜುಲೈ ತಿಂಗಳಲ್ಲಿ ರೆಡ್ ಅಲರ್ಟ್ ಬಂತೆಂದರೆ ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಸಾರುತ್ತಾರೆ. ಮಕ್ಕಳು ಮನೆಯಲ್ಲಿ, ಹೊರಗೆ ಧಾರಾಕಾರ ಮಳೆ, ಕೈಯಲ್ಲಿ ಮೊಬೈಲು. "ಇಡು ಅದನ್ನು ಕೆಳಗೆ!" ಎಂಬ ತಾಯಿಯ ಕೂಗು ಕಾಪುವಿನಿಂದ ಕಾರ್ಕಳದವರೆಗೆ ಒಂದೇ ರಾಗದಲ್ಲಿ ಕೇಳಿಸುತ್ತದೆ. ಆ ಮೊಬೈಲಿನಲ್ಲಿ ಒಳ್ಳೆಯದು ಏನಾದರೂ ಉಂಟೇ ಎಂಬ ಪ್ರಶ್ನೆಗೆ ಉತ್ತರ: ಉಂಟು. ಆದರೆ ಮಗುವಿನ ಕೈಗೆ ಕೊಟ್ಟು ಅಡಿಗೆಮನೆಗೆ ಹೋಗಿಬಿಟ್ಟರೆ ಅದೂ ಕೆಲಸಕ್ಕೆ ಬಾರದು.

ಕಡಲಾಚೆಯ ನೆಂಟ

ಕಾಪುವಿನ ದೀಪಸ್ತಂಭ 1901ರದ್ದು. ಅದರ ಬುಡದ ಬಂಡೆಯ ಮೇಲೆ ನಿಂತು ಆಕಾಶ ನೋಡಿದವರಿಗೆ ಕೆಲವೊಮ್ಮೆ ದೊಡ್ಡದೊಂದು ಹಕ್ಕಿ ಕಾಣುತ್ತದೆ. ಮಲ್ಪೆ ಬಂದರಿನಲ್ಲಿ ಮೀನಿನ ಬುಟ್ಟಿಯ ಮೇಲೆ ಸುತ್ತುವ ಕೆಂಗಂದು ಬಣ್ಣದ ಗರುಡ ಅಲ್ಲ ಅದು. ಇದರ ತಲೆ, ಹೊಟ್ಟೆ ಅಪ್ಪಟ ಬಿಳಿ, ಬೆನ್ನು ಬೂದಿ. ರೆಕ್ಕೆ ಬಿಚ್ಚಿದರೆ ಈ ತುದಿಯಿಂದ ಆ ತುದಿಗೆ ಆರಡಿ. ಹೆಸರು ಬಿಳಿಹೊಟ್ಟೆಯ ಕಡಲ ಹದ್ದು. ಮೀನು ಮಾತ್ರವಲ್ಲ, ಕಡಲ ಹಾವನ್ನೂ ಎತ್ತಿಕೊಂಡು ಹೋಗುವ ಗಟ್ಟಿಗ! ಎತ್ತರದ ಮರದ ಮೇಲೆ ಕಟ್ಟಿಗೆ ಪೇರಿಸಿ ಗೂಡು ಮಾಡುತ್ತದೆ; ವರ್ಷ ವರ್ಷವೂ ಅದೇ ಗೂಡಿಗೆ ಇನ್ನಷ್ಟು ಕಟ್ಟಿಗೆ. ಆ ಗೂಡಿನೊಳಗೆ ಏನು ನಡೆಯುತ್ತದೆಂದು ಕೆಳಗೆ ನಿಂತವರಿಗೆ ತಿಳಿಯುವುದು ಹೇಗೆ?

ಇದೇ ಜಾತಿಯ ಹದ್ದಿನ ಜೋಡಿಯೊಂದು ಆಸ್ಟ್ರೇಲಿಯಾದ ಸಿಡ್ನಿಯಲ್ಲಿ, ಒಲಿಂಪಿಕ್ ಪಾರ್ಕಿನ ಕಾಡಿನಲ್ಲಿ ಗೂಡು ಮಾಡಿದ್ದು, ಅಲ್ಲಿಯ ಪಕ್ಷಿಪ್ರೇಮಿಗಳ ಸಂಸ್ಥೆ ಬರ್ಡ್‌ಲೈಫ್ ಆಸ್ಟ್ರೇಲಿಯಾದ ಸ್ವಯಂಸೇವಕರು ಆ ಗೂಡಿಗೆ ಕ್ಯಾಮೆರಾ ಇಟ್ಟು ವರ್ಷಗಳಿಂದ ಜಗತ್ತಿಗೇ ತೋರಿಸುತ್ತಿದ್ದಾರೆ. ಅಲ್ಲಿ ಮೊಟ್ಟೆ ಇಡುವುದು ಹೆಚ್ಚಾಗಿ ಜೂನ್, ಜುಲೈಯಲ್ಲಿ. ಅಂದರೆ ಇಲ್ಲಿ ಮಳೆಯ ರಜೆ ಸಿಗುವ ಹೊತ್ತಿಗೇ! ಸಾಮಾನ್ಯವಾಗಿ ಎರಡು ಮೊಟ್ಟೆ. ಸುಮಾರು 40 ದಿನ ಕಾವು. ಗಂಡು ಹೆಣ್ಣು ಎರಡೂ ಪಾಳಿಯ ಮೇಲೆ ಕೂರುತ್ತವೆ. ಗಂಡು ಸಣ್ಣದು, ಹೆಣ್ಣು ದೊಡ್ಡದು. ಮರಿ ರೆಕ್ಕೆ ಬಲಿತು ಗೂಡು ಬಿಡಲು ಮತ್ತೆ ಎರಡೂವರೆ ತಿಂಗಳು. ಹಾರಲು ಕಲಿತ ಮರಿಗೆ ಅಲ್ಲೊಂದು ಕಾಟ: ಕರಾವಾಂಗ್ ಎಂಬ ಕಾಗೆಯಂಥ ಹಕ್ಕಿಗಳು ಗುಂಪು ಕಟ್ಟಿ ಅಟ್ಟಿಸಿಕೊಂಡು ಬರುತ್ತವೆ. ಇಲ್ಲಿ ತೆಂಗಿನ ತೋಟದಲ್ಲಿ ಹದ್ದಿನ ಹಿಂದೆ ಕಾಗೆ ಬೀಳುವುದನ್ನು ಕಂಡ ಮಗುವಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಉಡುಪಿಯಲ್ಲಿ ಬೆಳಿಗ್ಗೆ 7 ಗಂಟೆಯೆಂದರೆ ಆ ತಿಂಗಳುಗಳಲ್ಲಿ ಸಿಡ್ನಿಯಲ್ಲಿ 11.30. ಇಲ್ಲಿ ಮಧ್ಯಾಹ್ನ ಊಟ ಮುಗಿಯುವಾಗ ಅಲ್ಲಿ ಕತ್ತಲಾಗಿರುತ್ತದೆ. ಆದ್ದರಿಂದ ಕಡಲ ಹದ್ದನ್ನು ನೋಡುವುದು ಬೆಳಗಿನ ಕೆಲಸ. ಒಂದು ವಾರ ನೋಡಿದ ಮಗು ಮುಂದಿನ ಭಾನುವಾರ ಕಾಪು ಬೀಚಿಗೆ ಹೋದಾಗ ಐಸ್‌ಕ್ರೀಂ ಗಾಡಿಯನ್ನು ಬಿಟ್ಟು ಮೇಲೆ ನೋಡಿದರೆ, ಡಾಟಾಕ್ಕೆ ಕೊಟ್ಟ ದುಡ್ಡು ಬಂದ ಹಾಗೆ!

"ಎಂತದೂ ಆಗುವುದಿಲ್ಲ ಅಪ್ಪಾ!"

ಹೊಸದಾಗಿ ನೋಡುವ ಯಾವ ಮಗುವಾದರೂ ಐದು ನಿಮಿಷದಲ್ಲಿ ಹೇಳುವ ಮಾತಿದು. ಸತ್ಯ. ನೇರ ಕ್ಯಾಮೆರಾದಲ್ಲಿ ಹೆಚ್ಚಿನ ಹೊತ್ತು ಏನೂ ಆಗುವುದಿಲ್ಲ. ಹದ್ದು ಕೂತಿರುತ್ತದೆ. ಗಾಳಿಗೆ ಕೊಂಬೆ ಅಲುಗುತ್ತದೆ. ಹದ್ದು ಆಚೆ ತಿರುಗುತ್ತದೆ. ಮುಗಿಯಿತು.

ಆದರೆ ಕಲಿಯುವುದು ಇರುವುದೇ ಅಲ್ಲಿ. ಕತ್ತರಿಸಿ ಜೋಡಿಸಿದ ವಿಡಿಯೋ ನೋಡಿ ಬೆಳೆದ ಮಗುವಿನ ಲೆಕ್ಕದಲ್ಲಿ ಹುಲಿಯೆಂದರೆ ದಿನವಿಡೀ ಕೊಲ್ಲುವ ಪ್ರಾಣಿ, ಹಾವೆಂದರೆ ದಿನವಿಡೀ ಹೆಡೆ ಎತ್ತುವ ಪ್ರಾಣಿ. ಪ್ರಾಣಿಗಳು ದಿನದ ಬಹುಪಾಲು ಮಲಗುತ್ತವೆ, ಮೈ ನೆಕ್ಕಿಕೊಳ್ಳುತ್ತವೆ, ಸುಮ್ಮನೆ ನಿಲ್ಲುತ್ತವೆ ಎಂಬುದು ಗೊತ್ತಾಗಬೇಕಾದರೆ ಕಾಯಬೇಕು. ಕಾಯಲು ಪಕ್ಕದಲ್ಲಿ ಹಿರಿಯರೊಬ್ಬರು ಬೇಕು. "ಅದು ಯಾಕೆ ಆ ಕಡೆಯೇ ನೋಡುತ್ತಾ ಉಂಟು? ಗಾಳಿ ಯಾವ ಕಡೆಯಿಂದ ಬರುತ್ತದೆ?" ಎಂದು ಒಂದು ಮಾತು ಕೇಳಿದರೆ ಸಾಕು, ಮಗು ಇನ್ನು ಹತ್ತು ನಿಮಿಷ ಕೂರುತ್ತದೆ. ಒಂದು ಹಳೆಯ ನೋಟ್ ಪುಸ್ತಕ ಕೊಟ್ಟು ಗಂಟೆ, ಪ್ರಾಣಿ, ಮಾಡಿದ್ದೇನು ಎಂದು ಮೂರು ಗೆರೆ ಬರೆಸಿದರೆ ಇನ್ನೂ ಒಳ್ಳೆಯದು. ಅಂಗಡಿಯ ಲೆಕ್ಕದ ಪುಸ್ತಕದ ಹಾಗೆಯೇ. ದಿನದಿನದ್ದು ಬರೆದರೆ ತಿಂಗಳ ಕೊನೆಗೆ ವ್ಯಾಪಾರದ ನಡೆ ಕಾಣುತ್ತದೆ.

ರಾತ್ರಿ ಅಂಗಡಿ ಮುಚ್ಚಿ ಮನೆಗೆ ಬಂದು ಊಟಕ್ಕೆ ಕೂರುವವರಿಗೂ ಒಂದು ಕ್ಯಾಮೆರಾ ಉಂಟು. ಆಫ್ರಿಕಾದ ನಮೀಬಿಯಾದಲ್ಲಿ ಮರಳುಗಾಡಿನ ನಡುವೆ ಮನುಷ್ಯರೇ ಮಾಡಿಟ್ಟ ನೀರಿನ ಹೊಂಡಕ್ಕೆ ಮುಖ ಮಾಡಿದ ಕ್ಯಾಮೆರಾ ಅದು. ಇಲ್ಲಿ ರಾತ್ರಿ 8.30 ಆದಾಗ ಅಲ್ಲಿ ಸಂಜೆ 5. ಬಿಸಿಲು ಇಳಿದು ಉಷ್ಟ್ರಪಕ್ಷಿ, ಉದ್ದ ಕೊಂಬಿನ ಆರಿಕ್ಸ್, ನರಿ ನೀರಿಗೆ ಬರುವ ಹೊತ್ತು. ಯಾರು ಮೊದಲು ಕುಡಿಯುತ್ತಾರೆ, ಯಾರು ಬಂದರೆ ಯಾರು ಸರಿಯುತ್ತಾರೆ ನೋಡಿ. ಸರ್ವಿಸ್ ಬಸ್ ಸ್ಟ್ಯಾಂಡಿನಲ್ಲಿ ಕಾರ್ಕಳದ ಬಸ್ಸು ಬಂದಾಗಿನ ನೂಕುನುಗ್ಗಲು ಕಂಡವರಿಗೆ ಆ ಹೊಂಡದ ಶಿಸ್ತು ನೋಡಿ ನಾಚಿಕೆಯಾದೀತು!

ಅಲಾಸ್ಕಾದ ಕಟ್ಮೈ ಎಂಬಲ್ಲಿ ಸಣ್ಣದೊಂದು ಜಲಪಾತ. ಜುಲೈಯಲ್ಲಿ ಸಾಲ್ಮನ್ ಮೀನು ಅದನ್ನು ಹಾರಿ ಮೇಲೆ ಹೋಗುತ್ತದೆ. ಕಂದು ಕರಡಿಗಳು ಬಾಯಿ ತೆರೆದು ನಿಂತಿರುತ್ತವೆ. ಉಡುಪಿಯಲ್ಲಿ ಶುಕ್ರವಾರ ಬೆಳಿಗ್ಗೆ 7 ಆದರೆ ಅಲ್ಲಿ ಇನ್ನೂ ಗುರುವಾರ ಸಂಜೆ 5.30! "ಅಲ್ಲಿ ನಿನ್ನೆಯಾ?" ಎಂದು ಮಗು ಕೇಳಿದರೆ ಭೂಮಿ ತಿರುಗುವ ಪಾಠ ಪುಕ್ಕಟೆ. ಚಳಿಗಾಲಕ್ಕೆ ಮುಂಚೆ ಯಾವ ಕರಡಿ ಹೆಚ್ಚು ಕೊಬ್ಬಿದೆ ಎಂದು ಜನರಿಂದ ಓಟು ಹಾಕಿಸುವ ಸ್ಪರ್ಧೆಯನ್ನೂ ಅಲ್ಲಿ 2014ರಿಂದ ನಡೆಸುತ್ತಾರೆ. ಹೊಟ್ಟೆ ದಪ್ಪವಿದ್ದವರು ಗೆಲ್ಲುವ ಇನ್ನೊಂದು ಚುನಾವಣೆ ಲೋಕದಲ್ಲಿ ಉಂಟೋ ಇಲ್ಲವೋ, ಓದುಗರೇ ಹೇಳಬೇಕು.

ನೇರವೆಂದ ಮೇಲೆ ಬೇಡದ್ದೂ ಕಾಣುತ್ತದೆ. 2024ರ ಸೆಪ್ಟೆಂಬರ್ ಕೊನೆಗೆ ಅದೇ ಕ್ಯಾಮೆರಾದ ಎದುರು ಗಂಡು ಕರಡಿಯೊಂದು ಹೆಣ್ಣು ಕರಡಿಯನ್ನು ಕೊಂದಿತು. ಆ ವರ್ಷದ ಸ್ಪರ್ಧೆಯ ಪಟ್ಟಿ ಹೊರಡಿಸುವುದನ್ನೇ ಮುಂದೆ ಹಾಕಬೇಕಾಯಿತು. ಹದ್ದಿನ ಗೂಡಿನಲ್ಲಿ ದೊಡ್ಡ ಮರಿ ಸಣ್ಣ ಮರಿಯನ್ನು ಕುಕ್ಕುವುದೂ ಉಂಟು. ಆಗ ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಮಗು ಆ ದೃಶ್ಯವನ್ನು ಒಂಟಿಯಾಗಿ ನುಂಗಬೇಕು. ಇದ್ದರೆ ಅಳುತ್ತದೆ, ಕೇಳುತ್ತದೆ, ಉತ್ತರ ಸಿಗುತ್ತದೆ. ಮೊಬೈಲು ಕೊಟ್ಟು ಎದ್ದುಹೋಗಬೇಡಿ ಎನ್ನುವುದು ಇದಕ್ಕೇ.

ಇನ್ನೊಂದು ಎಚ್ಚರಿಕೆ. "ಲೈವ್" ಎಂದು ಕೆಂಪು ಅಕ್ಷರದಲ್ಲಿ ಬರೆದದ್ದೆಲ್ಲ ಲೈವ್ ಅಲ್ಲ! ಹಳೆಯ ವಿಡಿಯೋವನ್ನು ಗಾಣದೆತ್ತಿನ ಹಾಗೆ ಸುತ್ತಿಸುವವರು ಬೇಕಾದಷ್ಟು. ಅಲ್ಲಿ ಈಗ ರಾತ್ರಿಯಾಗಬೇಕು, ಚಿತ್ರದಲ್ಲಿ ಬಿಸಿಲು ಹೊಡೆಯುತ್ತಿದೆ ಎಂದಾದರೆ ಅದು ಮೋಸ. ಮೃಗಾಲಯ, ವಿಶ್ವವಿದ್ಯಾಲಯ, ಅರಣ್ಯ ಅಥವಾ ಪಕ್ಷಿ ಸಂಸ್ಥೆಗಳು ನಡೆಸುವ ಕ್ಯಾಮೆರಾಗಳನ್ನೇ ನಂಬುವುದು ಕ್ಷೇಮ.

ಬೆಲ್ ಒತ್ತಿದರೆ ಮೀನಿಗೆ ದಾರಿ

ಹಾಲೆಂಡಿನ ಉಟ್ರೆಕ್ಟ್ ನಗರದಲ್ಲಿ 2021ರಲ್ಲಿ ಶುರುವಾದ ತಮಾಷೆ ಕೇಳಿ. ಚಳಿ ಕಳೆದ ಮೇಲೆ ಮೀನುಗಳು ಮೊಟ್ಟೆ ಇಡಲು ಕಾಲುವೆಯಲ್ಲಿ ಮೇಲಕ್ಕೆ ಹೊರಡುತ್ತವೆ. ನಡುವೆ ದೋಣಿಗಾಗಿ ಮಾಡಿದ ಹಳೆಯ ಬಾಗಿಲು. ಆ ಸಮಯದಲ್ಲಿ ದೋಣಿ ಕಡಿಮೆ, ಬಾಗಿಲು ತೆರೆಯುವುದೇ ಅಪರೂಪ. ಮೀನುಗಳು ಕಾದು ಕಾದು ದೊಡ್ಡ ಮೀನು, ನೀರಕ್ಕಿಗಳ ಬಾಯಿಗೆ ಬೀಳುತ್ತವೆ. ಅದಕ್ಕೆ ನೀರಿನೊಳಗೆ ಕ್ಯಾಮೆರಾ ಇಟ್ಟರು. ಎಲ್ಲೋ ಮನೆಯಲ್ಲಿ ಕೂತು ನೋಡುವವರು ಮೀನು ಕಂಡ ಕೂಡಲೇ ಪರದೆಯ ಮೇಲಿನ ಬೆಲ್ ಒತ್ತಬೇಕು. ಸುದ್ದಿ ಕಾವಲುಗಾರನಿಗೆ ಹೋಗುತ್ತದೆ, ಬಾಗಿಲು ತೆರೆಯುತ್ತದೆ!

ಇಲ್ಲಿಯ ಜನಕ್ಕೆ ಇದು ಹೊಸ ಸಂಗತಿಯಲ್ಲ. ಮೊದಲ ಮಳೆಗೆ ತೋಡಿನ ನೀರು ಕೆಂಪಾದಾಗ ಮೀನು ಗದ್ದೆಗೆ ಹತ್ತುವುದು, ಅದನ್ನು ಹಿಡಿಯುವ ಉಬರ್ ಮೀನಿನ ಸಂಭ್ರಮ ತುಳುನಾಡಿನ ಅಜ್ಜಂದಿರಿಗೆ ಗೊತ್ತು. ಅಲ್ಲಿ ಮೀನು ಕಂಡರೆ ಬೆಲ್ ಒತ್ತುತ್ತಾರೆ, ಇಲ್ಲಿ ಬಲೆ ಹಿಡಿದು ಓಡುತ್ತಾರೆ, ವ್ಯತ್ಯಾಸ ಅಷ್ಟೆ! ಆದರೆ ಈ ಮೀನು ಎಲ್ಲಿಂದ ಬಂತು, ಎಲ್ಲಿಗೆ ಹೊರಟಿತು, ಕಿಂಡಿ ಅಣೆಕಟ್ಟಿನ ಹಲಗೆ ತೆಗೆಯುವುದು ತಡವಾದರೆ ಅದಕ್ಕೆ ಏನಾಗುತ್ತದೆ ಎಂಬ ಪ್ರಶ್ನೆ ಇಂಗ್ಲಿಷ್ ಮೀಡಿಯಂ ಮಗುವಿಗೆ ಬರುವುದು ಹಾಲೆಂಡಿನ ಬೆಲ್ ನೋಡಿದ ಮೇಲೆ. ಉತ್ತರ ಇರುವುದು ಅಜ್ಜನ ಹತ್ತಿರ. ಆ ಇಬ್ಬರನ್ನು ಒಂದೇ ಬೆಂಚಿನಲ್ಲಿ ಕೂರಿಸುವುದೇ ಕೆಲಸ.

ರಾತ್ರಿ ಎರಡಕ್ಕೆ ಬಂದ ಗಿರಾಕಿ

ಇಷ್ಟೆಲ್ಲ ದೂರ ಹೋಗುವುದೇ ಬೇಡ ಎನ್ನುವವರಿಗೆ ಒಂದು ಮಾತು: ಜಿಲ್ಲೆಯ ಸಾವಿರಾರು ಅಂಗಡಿ, ಮನೆಗಳಲ್ಲಿ ನೇರ ಕ್ಯಾಮೆರಾ ಈಗಾಗಲೇ ಉಂಟು. ಕಳ್ಳರಿಗೆಂದು ಹಾಕಿದ ಸಿಸಿ ಕ್ಯಾಮೆರಾ! ಅದರಲ್ಲಿ ಕಳ್ಳರು ಸಿಗುವುದು ಅಪರೂಪ. ಸಿಗುವುದು ಕಣ್ಣಿನ ಎದುರೇ ನಡೆದಾಡುವ ಹಲ್ಲಿ, ಗಾಜಿನ ಮೇಲೆ ಬಲೆ ನೇಯುವ ಜೇಡ, ರಾತ್ರಿ ಎರಡು ಗಂಟೆಗೆ ಬಾಳೆಗೊನೆಯ ಪರಿಶೀಲನೆಗೆ ಬರುವ ಕಬ್ಬೆಕ್ಕು. ಜೇಡನನ್ನು ಬೈದು ಪೊರಕೆ ಹಿಡಿಯುವ ಮೊದಲು ಯೋಚಿಸಿ: ಕ್ಯಾಮೆರಾದ ಸುತ್ತ ಹುಳ ಸೇರುತ್ತದೆ, ಹುಳಕ್ಕೆ ಜೇಡ, ಜೇಡಕ್ಕೆ ಹಲ್ಲಿ. ಪಾಠದ ಪುಸ್ತಕದಲ್ಲಿ ಬಾಣದ ಗುರುತು ಹಾಕಿ ವಿವರಿಸುವ ಆಹಾರ ಸರಪಣಿ ಕ್ಯಾಶ್ ಕೌಂಟರಿನ ಮೇಲೆಯೇ ನಡೆದಿರುತ್ತದೆ.

ರಾತ್ರಿಯ ಚಿತ್ರ ಕಪ್ಪು ಬಿಳುಪು. ಮನುಷ್ಯರ ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕಿನಲ್ಲಿ ಕ್ಯಾಮೆರಾ ನೋಡುತ್ತದೆ. ಕಬ್ಬೆಕ್ಕಿನ ಕಣ್ಣು ಟಾರ್ಚಿನ ಹಾಗೆ ಹೊಳೆಯುವುದು ಯಾಕೆ? ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂಥ ಪದರ ಇರುವುದರಿಂದ. ಒಳಹೋದ ಬೆಳಕನ್ನು ಅದು ಹಿಂದಕ್ಕೆ ಹೊಡೆಯುತ್ತದೆ, ಕತ್ತಲಲ್ಲಿ ಪ್ರಾಣಿಗೆ ಎರಡು ಸಲ ನೋಡಿದ ಲಾಭ. ಈ ಕಬ್ಬೆಕ್ಕು ಬೈನೆ ಮರದ ಹಣ್ಣು ತಿಂದು ಬೀಜವನ್ನು ದೂರ ದೂರ ಹಾಕುವ ಕೆಲಸವನ್ನೂ ಮಾಡುತ್ತದೆ. ಬಾಳೆಹಣ್ಣು ಹೋದ ಸಿಟ್ಟಿನಲ್ಲಿ ಇದೂ ನೆನಪಿರಲಿ.

ಇನ್ನು ದೊಡ್ಡ ಗಿರಾಕಿ. ಮನೆಯಂಗಳದ ಕ್ಯಾಮೆರಾದಲ್ಲಿ ಚಿರತೆ ಕಂಡಿತೆಂಬ ಸುದ್ದಿ ಮಣಿಪಾಲ, ಕಾಪು, ಕಾರ್ಕಳದ ಕಡೆಗಳಿಂದ ಆಗಾಗ ಬರುತ್ತಿರುತ್ತದೆ. ಗಂಟೆಯೊಳಗೆ ಆ ತುಣುಕು ವಾಟ್ಸಾಪಿನಲ್ಲಿ ಜಿಲ್ಲೆ ಸುತ್ತುತ್ತದೆ. ಬಸ್ಸಿನ ಸೀಟಿನಲ್ಲಿ ಕೂತವರು ಒಬ್ಬರ ಮೊಬೈಲಿಗೆ ನಾಲ್ವರು ಬಗ್ಗುತ್ತಾರೆ. "ಓ ಮಾರಾಯ್ರೇ, ಇದು ಇಲ್ಲಿಯೇ ಅಂತೆ!" ಎಂಬಲ್ಲಿಗೆ ಹೆದರಿಕೆ ಹುಟ್ಟಿತು. ಎರಡನೆಯ ದಿನ ಎಲ್ಲಿಯದೋ ಹಳೆಯ ಚಿರತೆಯ ವಿಡಿಯೋಕ್ಕೂ ಇಲ್ಲಿಯ ಊರಿನ ಹೆಸರೇ. ಮೂರನೆಯ ದಿನ ಮಕ್ಕಳು ಟ್ಯೂಷನ್ನಿಗೆ ಹೋಗಲು ಒಲ್ಲರು, ದೊಡ್ಡವರು ದೊಣ್ಣೆ ಹುಡುಕುತ್ತಾರೆ. ಗುಂಪು ಸೇರಿ ಕೂಗಿದರೆ ಸುಮ್ಮನೆ ಪೊದೆಯಲ್ಲಿ ಮಲಗಿದ್ದ ಪ್ರಾಣಿಯೂ ಗಾಬರಿಯಿಂದ ಮೈಮೇಲೆ ಬೀಳುತ್ತದೆ. ಪೆಟ್ಟು ಬೀಳುವುದು ಎರಡೂ ಕಡೆಗೆ.

ಅದೇ ತುಣುಕನ್ನು ಮಗುವಿಗೆ ಬೇರೆ ರೀತಿ ತೋರಿಸಬಹುದು. ಗಂಟೆ ಎಷ್ಟು? ಎಲ್ಲಿಂದ ಬಂತು? ಯಾವುದರ ಹಿಂದೆ ಬಂತು? ಹೆಚ್ಚಾಗಿ ಉತ್ತರ ಒಂದೇ: ಕತ್ತಲಾದ ಮೇಲೆ, ನಾಯಿಗಾಗಿ. ನಾಯಿಯನ್ನು ರಾತ್ರಿ ಅಂಗಳದಲ್ಲಿ ಕಟ್ಟಿಹಾಕಿದರೆ ಚಿರತೆಗೆ ಎಲೆ ಹಾಕಿ ಬಡಿಸಿದ ಹಾಗೆ. ಗಟ್ಟಿ ಬಾಗಿಲಿನ ಗೂಡಿನೊಳಗೆ ಹಾಕಿದರೆ ಅರ್ಧ ತಾಪತ್ರಯ ಕಡಿಮೆ. ಮೈಮೇಲೆ ಹೂವಿನಂಥ ಚುಕ್ಕೆ ಉಂಟೇ, ಬಾಲ ಎಷ್ಟು ಉದ್ದ ಎಂದು ಒಮ್ಮೆ ನಿಧಾನವಾಗಿ ನೋಡಿದ ಮಗು ಮುಂದೆ ಕಬ್ಬೆಕ್ಕನ್ನು ಕಂಡು "ಚಿರತೆ!" ಎಂದು ಬೀದಿ ಸೇರಿಸುವುದಿಲ್ಲ. ಕೇಂದ್ರ ಸರಕಾರದ 2022ರ ಗಣತಿಯ ಅಂದಾಜಿನಂತೆ ದೇಶದಲ್ಲಿ 13,874 ಚಿರತೆಗಳು, ಕರ್ನಾಟಕದಲ್ಲಿ 1,879. ಇವುಗಳ ಜೊತೆಗೇ ಈ ಮಕ್ಕಳು ಬದುಕಬೇಕು. ಹೆದರಿಕೊಂಡೋ, ತಿಳಿದುಕೊಂಡೋ ಎಂಬುದು ಮಾತ್ರ ಮನೆಯವರ ಕೈಯಲ್ಲಿ ಉಂಟು.

ಗುಟ್ಟು ರಟ್ಟಾಗಬಾರದು

ಮನೆಯೊಳಗೆ ಕೂತ ಮಗುವಿಗೆ ಲೋಕ ತೋರಿಸುವ ಹುಚ್ಚು ಈ ಜಿಲ್ಲೆಗೆ ಹೊಸದಲ್ಲ. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು 1936ರಲ್ಲೇ 'ಬಾಲಪ್ರಪಂಚ'ದ ಮೂರು ಸಂಪುಟ ತಂದರು. ಅವರ ಮಗ ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಕಾಡುದಾರಿಗೆ ಕ್ಯಾಮೆರಾ ಕಟ್ಟಿ, ಪಟ್ಟೆ ನೋಡಿ ಒಂದೊಂದು ಹುಲಿಯನ್ನೂ ಬೇರೆ ಬೇರೆಯಾಗಿ ಗುರುತಿಸಿ ಎಣಿಸುವ ಕ್ರಮ ಬಳಸಿದರು. ಒಬ್ಬರ ಬೆರಳಚ್ಚು ಇನ್ನೊಬ್ಬರಿಗಿಲ್ಲ. ಹುಲಿಯ ಪಟ್ಟೆಯೂ ಹಾಗೆಯೇ. ಆ ಕ್ಯಾಮೆರಾ ನೇರವಲ್ಲ, ಪ್ರಾಣಿ ಎದುರು ಬಂದಾಗ ಮಾತ್ರ ಚಿತ್ರ ತೆಗೆದು ಇಟ್ಟುಕೊಳ್ಳುತ್ತದೆ. ಕಾಡಿಗೆ ಅದೇ ವಾಸಿ. ಯಾಕೆಂದರೆ ನೇರ ಕ್ಯಾಮೆರಾಕ್ಕೆ ಒಂದು ಕೆಟ್ಟ ಗುಣ ಉಂಟು: ಪ್ರಾಣಿ ಈಗ ಎಲ್ಲಿದೆ ಎಂದು ಬೇಟೆಗಾರನಿಗೂ ಹೇಳುತ್ತದೆ!

ಕಾರ್ಕಳದಿಂದ ಹೆಬ್ರಿ, ಸೋಮೇಶ್ವರ ದಾಟಿ ಘಟ್ಟ ಹತ್ತಿದರೆ ಆಗುಂಬೆ. ಕಾಳಿಂಗ ಸರ್ಪದ ನಾಡು. ಹಾವುಗಳಲ್ಲಿ ತರಗೆಲೆ ಗುಡ್ಡೆ ಹಾಕಿ ಗೂಡು ಕಟ್ಟಿ ಮೊಟ್ಟೆ ಕಾಯುವುದು ಇದೊಂದೇ. ರೊಮುಲಸ್ ವಿಟೇಕರ್ 2005ರಲ್ಲಿ ಅಲ್ಲಿ ಸಂಶೋಧನಾ ಕೇಂದ್ರ ತೆರೆದರು. 2024ರಲ್ಲಿ ವಿಜ್ಞಾನಿಗಳು ಪಶ್ಚಿಮ ಘಟ್ಟದ ಈ ಹಾವನ್ನು ಬೇರೆಯೇ ಜಾತಿಯೆಂದು ವಿಂಗಡಿಸಿ 'ಕಾಳಿಂಗ' ಎಂಬ ಕನ್ನಡದ ಹೆಸರನ್ನೇ ಅದರ ಶಾಸ್ತ್ರೀಯ ಹೆಸರಿಗೆ ಸೇರಿಸಿದರು. ಅಂಥ ಗೂಡೊಂದನ್ನು ಮಕ್ಕಳು ಮನೆಯಿಂದ ನೋಡುವಂತಾದರೆ ಎಷ್ಟು ಚಂದ! ಆದರೆ ಊರು, ತೋಟದ ಗುರುತು ಹೇಳಿದರೆ ಮರುದಿನ ಅಲ್ಲಿ ಜಾತ್ರೆ. ಕುಂದಾಪುರದ ಕೋಡಿ ಬೀಚಿನಲ್ಲಿ ಇತ್ತೀಚಿನ ವರ್ಷಗಳಲ್ಲಿ ಕಡಲಾಮೆ ಮೊಟ್ಟೆ ಇಟ್ಟಾಗ ಅರಣ್ಯ ಇಲಾಖೆ, ಊರವರು ಸೇರಿ ಗೂಡು ಕಾದದ್ದುಂಟು. ಮರಿ ಹೊರಬರುವಾಗ ಬೆಳಕು ಕಂಡರೆ ದಿಕ್ಕು ತಪ್ಪಿ ಕಡಲು ಬಿಟ್ಟು ರಸ್ತೆಯ ಕಡೆ ಹೋಗುತ್ತದೆ. ಮೊಬೈಲಿನ ಟಾರ್ಚು ಹಿಡಿದು 'ಲೈವ್' ಹೋಗುವವರೇ ಅದಕ್ಕೆ ಯಮರು. 1972ರ ವನ್ಯಜೀವಿ ಕಾಯ್ದೆಯಂತೆ ಕಾಡುಹಕ್ಕಿಯ ಗೂಡು, ಮೊಟ್ಟೆ ಕದಡುವುದೂ ಅಪರಾಧವೇ.

ಹಾಗಾದರೆ ಅಂಗಡಿಯವರು ಏನು ಮಾಡಬಹುದು? ಹಳೆಯ ಅಂಗಡಿಗಳ ಶಟರಿನ ಸಂದಿಯಲ್ಲಿ ಗುಬ್ಬಚ್ಚಿ ಇನ್ನೂ ಬರುತ್ತದೆ. ಜಗಲಿಯ ಮಾಡಿನ ಕೆಳಗೆ, ಬೆಕ್ಕಿಗೆ ಎಟುಕದ ಕಡೆ ಮರದ ಪೆಟ್ಟಿಗೆಯೊಂದನ್ನು ಕಟ್ಟಿ, ಹಕ್ಕಿ ಹುಲ್ಲು ತರುವ ಮೊದಲೇ ಒಂದು ಸಣ್ಣ ಕ್ಯಾಮೆರಾ ಅದರತ್ತ ತಿರುಗಿಸಿಟ್ಟರಾಯಿತು. ಗೂಡು ಕಟ್ಟಿದ ಮೇಲೆ ಮುಟ್ಟಬಾರದು, ಬಲ್ಬು ಉರಿಸಬಾರದು. ಕ್ಯಾಮೆರಾ ನೆರೆಮನೆಯ ಬಾಗಿಲಿಗೆ ಮುಖ ಮಾಡದಿರಲಿ, ಇಲ್ಲವಾದರೆ ಗುಬ್ಬಚ್ಚಿಯ ಸಂಸಾರಕ್ಕಿಂತ ಮೊದಲು ನೆರೆಕರೆಯ ಜಗಳ ಲೈವ್ ಆದೀತು! ಮೊಟ್ಟೆಯೊಡೆಯಲು ಒಂದೂವರೆ, ಎರಡು ವಾರ. ಮರಿ ಹಾರಲು ಮತ್ತೆ ಸುಮಾರು ಅಷ್ಟೇ. ಶಾಲೆ ಬಿಟ್ಟು ಅಂಗಡಿಗೆ ಬರುವ ಮಗು ಚಾ ಕುಡಿಯುತ್ತಾ ಮಾನಿಟರಿನ ಮೂಲೆಯಲ್ಲಿ ನೋಡಲಿ. ತಾಯಿಹಕ್ಕಿ ಗಂಟೆಗೆ ಎಷ್ಟು ಸಲ ಹುಳ ತಂದಿತೆಂದು ಕೇಳಿದರೆ ಗಿರಾಕಿಗಳೂ ನಿಂತು ಎಣಿಸುತ್ತಾರೆ.

ಕೊನೆಗೊಂದು ವ್ಯವಹಾರದ ವಿಷಯ. ಸಿಸಿ ಕ್ಯಾಮೆರಾದ ಪೆಟ್ಟಿಗೆ ತುಂಬಿದ ಹಾಗೆ ಹಳೆಯದು ತಾನಾಗಿಯೇ ಅಳಿದು ಹೊಸದು ಅದರ ಮೇಲೆ ಕೂರುತ್ತದೆ. ಎಷ್ಟು ದಿನದ್ದು ಉಳಿಯುತ್ತದೆಂಬುದು ಪೆಟ್ಟಿಗೆಯ ಮೇಲೆ ಹೋಗುತ್ತದೆ. ಕಬ್ಬೆಕ್ಕು ಬಂದ ರಾತ್ರಿಯನ್ನು ಮಗುವಿಗೂ ಅಜ್ಜಿಗೂ ತೋರಿಸಬೇಕೆಂದಿದ್ದರೆ ಮರುದಿನವೇ ಪೆನ್ ಡ್ರೈವಿಗೆ ತೆಗೆದಿಟ್ಟುಕೊಳ್ಳಬೇಕು.